ಸಾಹುಕಾರನ ಸಾಲ ತೀರಿತು, ದವಾಖಾನೆ ಸಾಲ ಬಂತು

ನರ್ಸಿಂಗ್ ಹೋಂ ಬಿಲ್ಲಿನ ಭಾರ ಇಷ್ಟು ಬೆಳೆದದ್ದು ಹೇಗೆ? ಅದನ್ನು ಇಳಿಸುವ ದಾರಿಯೊಂದು ಗದಗ ಸೀಮೆಯಲ್ಲೇ ಹುಟ್ಟಿತ್ತು.

ಗದಗ-ಬೆಟಗೇರಿಯ ಯಾವುದೇ ನರ್ಸಿಂಗ್ ಹೋಂನಿಂದ ಡಿಸ್ಚಾರ್ಜ್ ಆಗಿ ಹೊರಬಂದವರ ಕೈಯಲ್ಲಿರುವ ಬಿಲ್ಲನ್ನು ಒಮ್ಮೆ ಓದಬೇಕು. ಬೆಡ್ ಚಾರ್ಜ್, ನರ್ಸಿಂಗ್ ಚಾರ್ಜ್, ಡಾಕ್ಟರ್ ವಿಸಿಟ್, ಐಸಿಯು, ಆಕ್ಸಿಜನ್, ಮಾನಿಟರ್, ಲ್ಯಾಬ್, ಸ್ಕ್ಯಾನಿಂಗ್. ಔಷಧದ ಚೀಟಿಗಳು ಬಹಳ ಕಡೆ ಇದರಲ್ಲಿ ಸೇರಿರುವುದಿಲ್ಲ, ಕೆಳಗಿನ ಮೆಡಿಕಲ್ ಶಾಪಿನಲ್ಲಿ ಆಗಲೇ ನಗದು ಕೊಟ್ಟಾಗಿರುತ್ತದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯಿಂದ ಬಂದವರಿಗೆ ಗಾಡಿ ಬಾಡಿಗೆ, ಜೊತೆಗಿದ್ದವರ ಊಟ, ಬಿಟ್ಟುಬಂದ ಕೂಲಿ ಬೇರೆ. ‘ಎಷ್ಟ ಆಗಬಹುದ್ರೀ ಡಾಕ್ಟ್ರ?’ ಎಂದು ಮೊದಲ ದಿನ ಕೇಳಿದ ಪ್ರಶ್ನೆಗೆ ಖಚಿತ ಉತ್ತರ ಸಿಗುವುದು ಕೊನೆಯ ದಿನವೇ. ಅಷ್ಟರಲ್ಲಿ ಉಳ್ಳಾಗಡ್ಡಿ ಮಾರಿದ ರೊಕ್ಕ ಮುಗಿದು, ಮನೆಯಾಕೆಯ ಬೋರಮಾಳ ಬ್ಯಾಂಕಿನಲ್ಲಿ ಅಡವಾಗಿರುತ್ತದೆ.

ಇದು ಒಂದೂರಿನ ಗೋಳಲ್ಲ. ಕೇಂದ್ರ ಸರ್ಕಾರದ 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ, ಹೆರಿಗೆ ಬಿಟ್ಟು ಬೇರೆ ಕಾಯಿಲೆಗೆ ಒಮ್ಮೆ ದಾಖಲಾದರೆ ಸರ್ಕಾರಿ ಆಸ್ಪತ್ರೆಯಲ್ಲಿ ಆಗುತ್ತಿದ್ದ ಸರಾಸರಿ ಖರ್ಚು 4,452 ರೂಪಾಯಿ, ಖಾಸಗಿಯಲ್ಲಿ 31,845 ರೂಪಾಯಿ. ಅಂತರ ಏಳು ಪಟ್ಟು.

ಅಂತರ ಬೆಳೆದ ಬಗೆ

ಒಂದು ಕಾಲಕ್ಕೆ ಈ ಸೀಮೆಯವರಿಗೆ ದವಾಖಾನೆ ಎಂದರೆ ಬೆಟಗೇರಿಯ ಮಿಷನ್ ಆಸ್ಪತ್ರೆ, ಇಲ್ಲವೇ ಸರ್ಕಾರಿ ಆಸ್ಪತ್ರೆ. 1957ರಲ್ಲಿ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಶುರುವಾದ ಮೇಲೆ ಕೈಮೀರಿದ ರೋಗಿಗಳು ಅಲ್ಲಿಗೆ ಹೋದರು. ಜನಸಂಖ್ಯೆ ಬೆಳೆದ ವೇಗದಲ್ಲಿ ಸರ್ಕಾರಿ ಹಾಸಿಗೆಗಳು ಬೆಳೆಯಲಿಲ್ಲ. ಆ ಜಾಗವನ್ನು ನರ್ಸಿಂಗ್ ಹೋಂಗಳು ತುಂಬಿದವು. ಅವು ಇಲ್ಲದಿದ್ದರೆ ಎಷ್ಟೋ ಜೀವ ಉಳಿಯುತ್ತಿರಲಿಲ್ಲ ಎಂಬುದನ್ನೂ ಒಪ್ಪಬೇಕು.

ಆದರೆ ಸಾಲ ಮಾಡಿ ಕಟ್ಟಿದ ಕಟ್ಟಡ, ಕಂತಿನ ಮೇಲೆ ತಂದ ಯಂತ್ರ, ದುಬಾರಿ ವೈದ್ಯ ಶಿಕ್ಷಣ ಇವೆಲ್ಲದರ ವೆಚ್ಚ ಬಂದು ಬೀಳುವುದು ಹಾಸಿಗೆಯಲ್ಲಿ ಮಲಗಿದವರ ಮೇಲೆಯೇ. ತಾಲ್ಲೂಕು ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರೊಬ್ಬರ ಹುದ್ದೆ ಖಾಲಿ ಬಿದ್ದರೆ ಶಸ್ತ್ರಚಿಕಿತ್ಸಾ ಕೊಠಡಿಗೆ ಬೀಗ ಬೀಳುತ್ತದೆ. ಸಿಸೇರಿಯನ್ ಆಗಬೇಕಾದ ಹೆಣ್ಣುಮಗಳನ್ನು ರಾತ್ರೋರಾತ್ರಿ ಗದಗಕ್ಕೋ ಹುಬ್ಬಳ್ಳಿಗೋ ಒಯ್ಯಬೇಕಾಗುತ್ತದೆ. ಅಂಥ ಹೊತ್ತಿನಲ್ಲಿ ದರ ವಿಚಾರಿಸುವ ತ್ರಾಣ ಯಾರಿಗಿರುತ್ತದೆ?

ಕಣಗಿನಹಾಳದ ದಾರಿ

ಸಾಲಕ್ಕೆ ಒಬ್ಬೊಬ್ಬರೇ ಬಲಿಯಾಗುವುದನ್ನು ಈ ನೆಲ ಹಿಂದೆಯೂ ಕಂಡಿತ್ತು. ಸಾಹುಕಾರರ ಬಡ್ಡಿಯಲ್ಲಿ ನಲುಗಿದ್ದ ರೈತರನ್ನು ಒಟ್ಟುಗೂಡಿಸಿ, 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಏಷ್ಯಾದಲ್ಲೇ ಮೊದಲನೆಯದೆಂದು ಹೆಸರಾದ ಸಂಘವದು. ಹತ್ತು ಮಂದಿ ಕೂಡಿ ಕಷ್ಟ ಹಂಚಿಕೊಂಡರೆ ಒಬ್ಬನ ಬೆನ್ನು ಮುರಿಯುವುದಿಲ್ಲ ಎಂಬುದೇ ಅದರ ತಿರುಳು.

ಸುಮಾರು ನೂರು ವರ್ಷಗಳ ನಂತರ ಅದೇ ತಿರುಳು ಆಸ್ಪತ್ರೆಗೆ ಬಂತು. ಖಾಸಗಿ ಆಸ್ಪತ್ರೆಗಳಲ್ಲಿ ಹಾಸಿಗೆ ಖಾಲಿ ಇವೆ, ಹಳ್ಳಿಗರ ಬಳಿ ದುಡ್ಡಿಲ್ಲ ಎಂಬುದನ್ನು ಕಂಡ ಹೃದಯತಜ್ಞ ಡಾ. ದೇವಿ ಶೆಟ್ಟಿ ಮತ್ತು ರಾಜ್ಯದ ಸಹಕಾರ ಇಲಾಖೆ ಸೇರಿ ರೂಪಿಸಿದ ಯಶಸ್ವಿನಿ ಯೋಜನೆ 2003ರ ಜೂನ್‌ನಲ್ಲಿ ಜಾರಿಯಾಯಿತು. ಸಹಕಾರ ಸಂಘದ ಸದಸ್ಯನು ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಶಸ್ತ್ರಚಿಕಿತ್ಸೆಯ ಖರ್ಚು ಯೋಜನೆಯದು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಮುಖ್ಯವಾಗಿ, ಯಾವ ಶಸ್ತ್ರಚಿಕಿತ್ಸೆಗೆ ಎಷ್ಟು ಎಂಬುದು ರೋಗಿ ಬರುವ ಮೊದಲೇ ಆಸ್ಪತ್ರೆಯೊಡನೆ ಮಾತಾಗಿರುತ್ತಿತ್ತು.

2010ರಲ್ಲಿ ಬಿಪಿಎಲ್ ಕುಟುಂಬಗಳಿಗಾಗಿ ವಾಜಪೇಯಿ ಆರೋಗ್ಯಶ್ರೀ ಕಲಬುರಗಿ ವಿಭಾಗದಲ್ಲಿ ಆರಂಭವಾಗಿ, ಬಳಿಕ ಗದಗ ಸೇರಿರುವ ಬೆಳಗಾವಿ ವಿಭಾಗಕ್ಕೂ ಬಂತು. ಯೋಜನೆ ಇದ್ದ ಹಳ್ಳಿಗಳನ್ನೂ ಇಲ್ಲದ ನೆರೆಹಳ್ಳಿಗಳನ್ನೂ ಹೋಲಿಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದಾಗುವ ಸಾವು ಬಡ ಕುಟುಂಬಗಳಲ್ಲಿ ಶೇ 64ರಷ್ಟು ಕಡಿಮೆ ಇದ್ದುದನ್ನು ಅದು ಕಂಡುಕೊಂಡಿತು.

ದಾರಿ ತಪ್ಪಿದ್ದೆಲ್ಲಿ?

2018ರಲ್ಲಿ ಯಶಸ್ವಿನಿಯನ್ನು ನಿಲ್ಲಿಸಿ, ಎಲ್ಲರನ್ನೂ ಆರೋಗ್ಯ ಕರ್ನಾಟಕ ಯೋಜನೆಯ ಅಡಿ ತರಲಾಯಿತು. ಅದು ಕೇಂದ್ರದ ಆಯುಷ್ಮಾನ್ ಭಾರತದೊಡನೆ ಕೂಡಿದ ಮೇಲೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಕ್ಕಿತು. ಎಪಿಎಲ್ ಕಾರ್ಡಿನವರಿಗೆ ಸಿಕ್ಕಿದ್ದು ಪ್ಯಾಕೇಜ್ ದರದ ಶೇ 30 ಮಾತ್ರ. ನಾಲ್ಕೆಕರೆ ಒಣಬೇಸಾಯ ನಂಬಿದ ಎಪಿಎಲ್ ಕಾರ್ಡಿನ ರೈತ ಉಳಿದ ಶೇ 70ಕ್ಕೆ ಮತ್ತೆ ಸಾಲಕ್ಕೆ ಕೈಯೊಡ್ಡಬೇಕಾಯಿತು. ಸಹಕಾರಿಗಳ ಒತ್ತಾಯದಿಂದ ಯಶಸ್ವಿನಿ ಮರಳಿತು. 2022ರ ನವೆಂಬರ್‌ನಲ್ಲಿ ನೋಂದಣಿ ಆರಂಭವಾದಾಗ, ನಾಲ್ವರಿರುವ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ನಿಗದಿಯಾಗಿತ್ತು.

ಯೋಜನೆಯ ಹೊರಗಿರುವವರ ಬಿಲ್ಲಿಗೆ ಮಾತ್ರ ಇಂದಿಗೂ ಮಿತಿಯಿಲ್ಲ. 2017ರಲ್ಲಿ ರಾಜ್ಯ ಸರ್ಕಾರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತರಲು ಹೊರಟಾಗ ವೈದ್ಯರು ಮುಷ್ಕರ ಹೂಡಿದರು. ಎಲ್ಲ ರೋಗಿಗಳಿಗೂ ದರ ನಿಗದಿ ಮಾಡುವ ಅಂಶ ಕೈಬಿಟ್ಟುಹೋಯಿತು. ತುರ್ತು ಚಿಕಿತ್ಸೆಗೆ ಮುಂಗಡ ಕೇಳಬಾರದು, ಬಾಕಿಗಾಗಿ ಶವ ತಡೆಹಿಡಿಯಬಾರದು ಎಂಬವು ಉಳಿದುಕೊಂಡವು. ಅದೇ ವರ್ಷ ಕೇಂದ್ರ ಸರ್ಕಾರ ಹೃದಯದ ಸ್ಟೆಂಟಿಗೆ ಬೆಲೆ ಕಟ್ಟಿತು. ಸರಾಸರಿ 1.21 ಲಕ್ಷ ರೂಪಾಯಿ ಇದ್ದ ಔಷಧಲೇಪಿತ ಸ್ಟೆಂಟ್ 29,600ಕ್ಕೆ ಇಳಿಯಿತು. ಮನಸ್ಸು ಮಾಡಿದರೆ ಬೆಲೆ ಇಳಿಯುತ್ತದೆ ಎನ್ನಲು ಬೇರೆ ಸಾಕ್ಷಿ ಬೇಕಿಲ್ಲ.

ಗದಗದಲ್ಲೇ 2015ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಜಿಮ್ಸ್ ಇದೆ. ಅದನ್ನು ಬಲಪಡಿಸಬೇಕು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ತಜ್ಞರ ಒಂದು ಹುದ್ದೆಯೂ ಖಾಲಿ ಇರಬಾರದು. ಲಕ್ವಾ ಹೊಡೆದು ಮಲಗಿದ ಹಿರಿಯರ ಶುಶ್ರೂಷೆಯ ಖರ್ಚು ಡಿಸ್ಚಾರ್ಜ್ ಆದಮೇಲೂ ತಿಂಗಳುಗಟ್ಟಲೆ ನಡೆಯುತ್ತದೆ. ಯೋಜನೆಗಳು ಆ ಖರ್ಚಿನ ಕಡೆಗೂ ಕಣ್ಣು ತೆರೆಯಬೇಕು.

ಓದುಗರಲ್ಲೊಂದು ವಿನಂತಿ. ನಿಮ್ಮೂರಿನ ಸಹಕಾರ ಸಂಘದಲ್ಲಿ ಯಶಸ್ವಿನಿ ನೋಂದಣಿ ಯಾವಾಗ ಎಂದು ಕೇಳಿ, ಮನೆಯವರ ಹೆಸರು ಬರೆಸಿ. ಆರೋಗ್ಯ ಕರ್ನಾಟಕದ ಅಡಿ ಚಿಕಿತ್ಸೆ ಪಡೆಯುವವರು ತುರ್ತಿಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವಿಲ್ಲದೆ ಖಾಸಗಿ ಆಸ್ಪತ್ರೆಯ ಮೆಟ್ಟಿಲು ಹತ್ತಬೇಡಿ. ದರಪಟ್ಟಿ ಎಲ್ಲಿದೆ ಎಂದು ಕೇಳಲು ಸಂಕೋಚಪಡಬೇಡಿ, ಅದನ್ನು ಕೇಳುವ ಹಕ್ಕು ನಿಮ್ಮದು. ಅನ್ಯಾಯವಾದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರಕ್ಕೆ ದೂರು ಕೊಡಿ.