ಸೂರ್ಯ ಗೇರು, ಗ್ರಹ ಗೇರು: ಭಾರಿ ವಾಹನಗಳ ಸ್ವಯಂಚಾಲಿತ ಗೇರುಪೆಟ್ಟಿಗೆಯ ಒಳಗೆ

ಸನತ್‌ನಗರದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಯಂತ್ರಗಳ ಸದ್ದು ಹೊಸದಲ್ಲ. ಒಂದು ಕಾಲಕ್ಕೆ ಇಲ್ಲಿಯ ಆಲ್ವಿನ್ ಕಾರ್ಖಾನೆಯಲ್ಲಿ ಬಸ್ಸುಗಳ ಒಡಲು ಕಟ್ಟಲಾಗುತ್ತಿತ್ತು. ಇಂದಿಗೂ ಮುಂಬಯಿ ಹೆದ್ದಾರಿಯತ್ತ ಹೊರಟ ಲಾರಿಗಳು ಗೇರು ಬದಲಿಸುವ ಸದ್ದು ನಮಗೆ ಪರಿಚಿತವೇ. ಗಮನವಿಟ್ಟು ಆಲಿಸಿದರೆ ಒಂದು ಸಂಗತಿ ತಿಳಿಯುತ್ತದೆ. ಎಂಜಿನ್ನು ಗರ್ಜಿಸುತ್ತದೆ, ಒಂದು ಕ್ಷಣ ಸುಮ್ಮನಾಗುತ್ತದೆ, ಮತ್ತೆ ಗರ್ಜಿಸುತ್ತದೆ. ಸುಮ್ಮನಾದ ಆ ಕ್ಷಣದಲ್ಲಿ ಚಾಲಕನು ಕ್ಲಚ್ಚು ತುಳಿದಿದ್ದಾನೆ. ಎಂಜಿನ್ನಿಗೂ ಗಾಲಿಗೂ ಇರುವ ನಂಟು ಕಡಿದಿದೆ. ಸಮತಟ್ಟಾದ ರಸ್ತೆಯಲ್ಲಿ ಇದರಿಂದ ಹೆಚ್ಚಿನ ನಷ್ಟವಿಲ್ಲ. ಆದರೆ ನೂರು ಟನ್ ಭಾರ ಹೊತ್ತು ತೆರೆದ ಗಣಿಯ ಆಳದಿಂದ ಏರಿ ಬರುವ ಡಂಪರಿಗೆ ಆ ಒಂದು ಕ್ಷಣವೇ ಕಂಟಕ. ವೇಗ ಕುಸಿಯುತ್ತದೆ, ವಾಹನ ನಿಂತೇ ಹೋಗಬಹುದು, ಹಿಂದಕ್ಕೆ ಜಾರಲೂಬಹುದು. ಹಿಂದೆ ಇನ್ನೊಂದು ಡಂಪರು ಬರುತ್ತಿರುತ್ತದೆ.

ಈ ಡಂಪರುಗಳ ವಿಷಯದಲ್ಲಿ ಕನ್ನಡಿಗರಾದ ನಮಗೆ ಸ್ವಲ್ಪ ಅಭಿಮಾನಕ್ಕೂ ಕಾರಣವಿದೆ. 1964ರಲ್ಲಿ ಸ್ಥಾಪನೆಯಾದ ಸಾರ್ವಜನಿಕ ವಲಯದ ಬಿ.ಇ.ಎಂ.ಎಲ್. ಸಂಸ್ಥೆಯು ಮೈಸೂರಿನಲ್ಲಿ ಡಂಪರುಗಳನ್ನೂ ಕೋಲಾರದ ಕೆ.ಜಿ.ಎಫ್.ನಲ್ಲಿ ಬುಲ್ಡೋಜರುಗಳನ್ನೂ ತಯಾರಿಸುತ್ತದೆ. ತೆಲಂಗಾಣದ ಸಿಂಗರೇಣಿ ಕಲ್ಲಿದ್ದಲು ಗಣಿಗಳಲ್ಲಿ ದುಡಿಯುವ ಡಂಪರುಗಳಲ್ಲಿ ಅನೇಕವು ಮೈಸೂರಿನ ಹುಟ್ಟುಳ್ಳವು. ಅಂತಹ ವಾಹನದಲ್ಲಿ ಚಾಲಕನು ತುಳಿಯಬೇಕಾದ ಕ್ಲಚ್ಚು ಇರುವುದಿಲ್ಲ. ಗೇರು ತಾನಾಗಿಯೇ ಬದಲಾಗುತ್ತದೆ, ಅದೂ ಎಂಜಿನ್ನಿನ ಬಲ ಕಡಿಯದಂತೆ. ಇದು ಹೇಗೆ ಸಾಧ್ಯವೆಂಬುದೇ ಈ ಲೇಖನದ ವಿಷಯ. ಬ್ಯಾಂಕಿನ ಕಡತಗಳ ನಡುವೆ ಬಾಳುವ, ಕಲಾ ವಿಭಾಗದಲ್ಲಿ ಓದಿದ ನಮಗೆ ಅರ್ಥವಾದುದು ಓದುಗರಿಗೂ ಅರ್ಥವಾದೀತೆಂಬ ಧೈರ್ಯದಿಂದ ಬರೆಯುತ್ತಿದ್ದೇವೆ.

ಮೊದಲು ಗೇರು. ಅಡಿಗೆಮನೆಯ ಜರಡಿಯೊಂದನ್ನು ನೆನೆದುಕೊಳ್ಳೋಣ. ಅದರ ಅಂಚಿನ ಒಳಗೋಡೆಯ ಸುತ್ತ ಹಲ್ಲುಗಳನ್ನು ಕೊರೆದಿದೆಯೆಂದು ಭಾವಿಸಿದರೆ ಅದೇ ಉಂಗುರ ಗೇರು. ನಟ್ಟನಡುವೆ ಇರುವ ಚಿಕ್ಕ ಗೇರಿಗೆ ಸೂರ್ಯ ಗೇರೆಂದು ಹೆಸರು. ಇವೆರಡರ ನಡುವೆ, ಎರಡಕ್ಕೂ ಹಲ್ಲು ಕಚ್ಚಿಕೊಂಡು, ಮೂರು ಅಥವಾ ನಾಲ್ಕು ಗ್ರಹ ಗೇರುಗಳಿರುತ್ತವೆ. ಅವು ತಮ್ಮ ಅಚ್ಚಿನ ಮೇಲೂ ತಿರುಗುತ್ತವೆ, ಸೂರ್ಯನ ಸುತ್ತಲೂ ಸುತ್ತುತ್ತವೆ. ಈ ಗ್ರಹಗಳನ್ನೆಲ್ಲ ಹಿಡಿದಿರುವ ಚೌಕಟ್ಟಿಗೆ ಕ್ಯಾರಿಯರ್ ಎನ್ನುತ್ತಾರೆ. ಹೆಸರಿಟ್ಟವರು ರಸಿಕರೇ ಇರಬೇಕು.

ಇದರ ಚಮತ್ಕಾರವಿರುವುದು ಯಾವುದನ್ನು ತಡೆದು ನಿಲ್ಲಿಸುತ್ತೇವೆ ಎಂಬುದರಲ್ಲಿ. ಸೂರ್ಯನಿಗೆ 36 ಹಲ್ಲು, ಉಂಗುರಕ್ಕೆ 72 ಹಲ್ಲು ಎಂದಿಟ್ಟುಕೊಳ್ಳೋಣ. ಉಂಗುರವನ್ನು ಅಲುಗದಂತೆ ಹಿಡಿದು ಸೂರ್ಯನನ್ನು ಮೂರು ಸುತ್ತು ತಿರುಗಿಸಿದರೆ ಕ್ಯಾರಿಯರು ಒಂದು ಸುತ್ತು ತಿರುಗುತ್ತದೆ. ವೇಗ ಮೂರರಲ್ಲೊಂದು ಪಾಲಿಗೆ ಇಳಿಯುತ್ತದೆ, ತಿರುಗಿಸುವ ಬಲ ಸುಮಾರು ಮೂರು ಪಟ್ಟಾಗುತ್ತದೆ. ಸೂರ್ಯನನ್ನು ಹಿಡಿದು ಉಂಗುರವನ್ನು ತಿರುಗಿಸಿದರೆ ಒಂದೂವರೆ ಸುತ್ತಿಗೆ ಕ್ಯಾರಿಯರಿನ ಒಂದು ಸುತ್ತು. ಕ್ಯಾರಿಯರನ್ನೇ ಹಿಡಿದು ಸೂರ್ಯನನ್ನು ತಿರುಗಿಸಿದರೆ ಉಂಗುರವು ಎದುರು ದಿಕ್ಕಿಗೆ ತಿರುಗುತ್ತದೆ, ಅದೇ ರಿವರ್ಸ್. ಮೂರರಲ್ಲಿ ಯಾವುದಾದರೂ ಎರಡನ್ನು ಒಟ್ಟಿಗೆ ಬಿಗಿದರೆ ಇಡೀ ಗುಂಪು ಒಂದೇ ತುಂಡಿನಂತೆ ಸುತ್ತುತ್ತದೆ. ಯಾವುದನ್ನೂ ಹಿಡಿಯದಿದ್ದರೆ ಎಲ್ಲವೂ ವ್ಯರ್ಥವಾಗಿ ತಿರುಗುತ್ತವೆ; ಅದು ನ್ಯೂಟ್ರಲ್. ಹಲ್ಲುಗಳು ಸದಾ ಕಚ್ಚಿಕೊಂಡೇ ಇರುವುದರಿಂದ ಗೇರನ್ನು ಸರಿಸಿ ಸೇರಿಸುವ ಕರಕರ ಶಬ್ದವಿಲ್ಲ. ಭಾರವು ಒಂದೇ ಜೋಡಿ ಹಲ್ಲುಗಳ ಮೇಲೆ ಬೀಳದೆ ಎಲ್ಲ ಗ್ರಹಗಳಿಗೂ ಹಂಚಿಹೋಗುವುದರಿಂದ ಚಿಕ್ಕ ಜಾಗದಲ್ಲಿ ದೊಡ್ಡ ಹೊರೆ ಸಾಗುತ್ತದೆ.

ಈ ಹಿಡಿಯುವ, ಬಿಡುವ ಕೆಲಸವೇ ಕ್ಲಚ್ಚಿನದು. ಹಬ್ಬದ ದಿನ ಹೋಳಿಗೆಗಳ ನಡುನಡುವೆ ಎಲೆಯಿಟ್ಟು ಪೇರಿಸುವುದನ್ನು ನಮ್ಮ ಮನೆಗಳಲ್ಲಿ ಕಂಡಿದ್ದೇವೆ. ಇಲ್ಲಿಯೂ ಹಾಗೆಯೇ, ಉಕ್ಕಿನ ತಟ್ಟೆಯೊಂದು, ಘರ್ಷಣೆಯ ಲೇಪವುಳ್ಳ ತಟ್ಟೆಯೊಂದು ಎಂದು ಸಾಲಾಗಿ ಜೋಡಿಸಿರುತ್ತಾರೆ. ಒಂದು ಬಗೆಯ ತಟ್ಟೆಗಳು ಹೊರಗಿನ ಡ್ರಮ್ಮಿಗೆ, ಇನ್ನೊಂದು ಬಗೆಯವು ಒಳಗಿನ ಗುಂಭಕ್ಕೆ ಸೇರಿರುತ್ತವೆ. ಎಣ್ಣೆಯ ಒತ್ತಡದಿಂದ ಪಿಸ್ಟನ್ನೊಂದು ಇವನ್ನೆಲ್ಲ ಅದುಮಿದರೆ ಎರಡು ಗುಂಪುಗಳೂ ಒಂದಾಗುತ್ತವೆ. ಒತ್ತಡ ತೆಗೆದರೆ ಸ್ಪ್ರಿಂಗುಗಳು ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತವೆ, ತಟ್ಟೆಗಳು ಬಿಡಿಯಾಗುತ್ತವೆ. ಅದುಮುವಾಗ ಹುಟ್ಟುವ ಕಾವನ್ನು ತಟ್ಟೆಗಳ ನಡುವೆ ಹರಿಯುವ ಎಣ್ಣೆಯೇ ಹೊತ್ತೊಯ್ಯುತ್ತದೆ.

ಅಮೆರಿಕದ ಆಲಿಸನ್ ಕಂಪನಿಯ ಆರು ವೇಗದ ಗೇರುಪೆಟ್ಟಿಗೆ ಇದಕ್ಕೆ ಒಳ್ಳೆಯ ನಿದರ್ಶನ. ಅದರಲ್ಲಿ ಗ್ರಹ ಗೇರುಗಳ ಮೂರು ಗುಂಪುಗಳು, ಐದು ಕ್ಲಚ್ಚುಗಳು. ಮೊದಲೆರಡು ಕ್ಲಚ್ಚುಗಳು ತಿರುಗುವಂಥವು. ಅವು ಎಂಜಿನ್ನಿನ ಬಲವನ್ನು ಒಳಗೆ ಬಿಡುತ್ತವೆ. ಉಳಿದ ಮೂರು ಗೇರುಗಳನ್ನು ಕವಚಕ್ಕೆ ಬಿಗಿದು ನಿಲ್ಲಿಸುವಂಥವು. ಮುಂದಕ್ಕೆ ಸಾಗುವ ಯಾವ ಗೇರಿನಲ್ಲಿಯೂ ಎರಡೇ ಕ್ಲಚ್ಚುಗಳು ಬಿಗಿಯಾಗಿರುತ್ತವೆ. ಮೊದಲ ಗೇರಿಗೆ ಒಂದನೆಯದೂ ಐದನೆಯದೂ, ಎರಡನೆಯ ಗೇರಿಗೆ ಒಂದನೆಯದೂ ನಾಲ್ಕನೆಯದೂ, ಮೂರಕ್ಕೆ ಒಂದು ಮತ್ತು ಮೂರು, ನಾಲ್ಕಕ್ಕೆ ಒಂದು ಮತ್ತು ಎರಡು, ಐದಕ್ಕೆ ಎರಡು ಮತ್ತು ಮೂರು, ಆರಕ್ಕೆ ಎರಡು ಮತ್ತು ನಾಲ್ಕು. ಪ್ರತಿ ಹಂತದಲ್ಲಿಯೂ ಒಂದು ಕ್ಲಚ್ಚು ಹಾಗೆಯೇ ಉಳಿದು ಇನ್ನೊಂದು ಮಾತ್ರ ಬದಲಾಗುವುದನ್ನು ಓದುಗರು ಗಮನಿಸಬೇಕು. ಒಂದು ಸಡಿಲವಾಗುತ್ತಿರುವಾಗಲೇ ಮತ್ತೊಂದು ಬಿಗಿಯಾಗುತ್ತ ಬರುತ್ತದೆ. ಏರಿನಲ್ಲಿ ವಾಹನ ಬಲ ಕಳೆದುಕೊಳ್ಳದಿರುವ ಗುಟ್ಟು ಇಷ್ಟೇ. ಈ ಬಿಡು-ಹಿಡಿಗಳ ಹೊತ್ತನ್ನು ನಿರ್ಧರಿಸುವುದು ಕಂಪ್ಯೂಟರು.

ಎಂಜಿನ್ನಿಗೂ ಈ ಪೆಟ್ಟಿಗೆಗೂ ನಡುವೆ ಟಾರ್ಕ್ ಕನ್ವರ್ಟರ್ ಇರುತ್ತದೆ. ಒಂದು ಫ್ಯಾನು ಎಣ್ಣೆಯನ್ನು ಚಿಮ್ಮಿಸಿ ಎದುರಿನ ಇನ್ನೊಂದು ಫ್ಯಾನನ್ನು ತಿರುಗಿಸುವ ಏರ್ಪಾಡಿದು. ಹೊರಡುವಾಗ ಬಲವನ್ನು ಹೆಚ್ಚಿಸಿಕೊಡುತ್ತದೆ. ವೇಗ ಬಂದ ಮೇಲೆ ಎಣ್ಣೆಯ ಜಾರುವಿಕೆಯಿಂದ ಇಂಧನ ಪೋಲಾಗದಂತೆ ಇದನ್ನೂ ಒಂದು ಕ್ಲಚ್ಚು ಬಿಗಿದುಬಿಡುತ್ತದೆ.

ಗ್ರಹ ಗೇರು ತೀರ ಹೊಸತೇನಲ್ಲ. 1908ರ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿಯೇ ಇತ್ತು. ಆದರೆ ಅಲ್ಲಿ ಗೇರನ್ನು ಹಿಡಿಯುವ ಪಟ್ಟಿಯನ್ನು ಚಾಲಕನೇ ಕಾಲಿನಿಂದ ಒತ್ತಬೇಕಿತ್ತು. ನಮ್ಮ ಕಡೆಯ ಜನಸಾಮಾನ್ಯರಿಗೆ ಆಟೋಮ್ಯಾಟಿಕ್ ಭಾರಿ ವಾಹನದ ಪರಿಚಯವಾದದ್ದು 2006ರಲ್ಲಿ ಬೆಂಗಳೂರಿನ ರಸ್ತೆಗಿಳಿದ ವೋಲ್ವೊ ನಗರ ಬಸ್ಸುಗಳಿಂದ. ತಂಪು ಗಾಳಿಯ ಬಗ್ಗೆ ಎಲ್ಲರೂ ಮಾತಾಡಿದರು. ಚಾಲಕನ ಎಡಗಾಲಿಗೆ ದೊರೆತ ಬಿಡುವಿನ ಬಗ್ಗೆ ಮಾತಾಡಿದವರು ಕಡಿಮೆ. ದಿನವಿಡೀ ದಟ್ಟಣೆಯಲ್ಲಿ ಕ್ಲಚ್ಚು ತುಳಿದು ಮೊಣಕಾಲು ನೋವು ತಂದುಕೊಂಡ ಚಾಲಕರ ಮನೆಯವರಿಗೆ ಅದರ ಬೆಲೆ ಗೊತ್ತು.

ಹಾಗಿದ್ದರೂ ಲಾರಿ ಮಾಲೀಕರು ಹಿಂಜರಿಯುವುದೇಕೆ? ವಾಹನ ಸಾಲದ ಮೇಜಿನ ಈಚೆ ಕುಳಿತವರಿಗೆ ಉತ್ತರ ಸ್ಪಷ್ಟ. ಕೊಳ್ಳುವ ಬೆಲೆ ಹೆಚ್ಚು, ಹೆದ್ದಾರಿಯ ಬದಿಯ ಮೆಕ್ಯಾನಿಕ್ಕು ಇದನ್ನು ಬಿಚ್ಚಲಾರ. ನಮ್ಮ ಅಭಿಪ್ರಾಯದಲ್ಲಿ ಈ ಯಂತ್ರದ ದೊಡ್ಡ ಶತ್ರು ಎಣ್ಣೆಯ ವಿಷಯದಲ್ಲಿ ತೋರುವ ಜಿಪುಣತನ. ಒತ್ತಡ ಕೊಡುವುದೂ ತಂಪು ಮಾಡುವುದೂ ಅದೇ ಎಣ್ಣೆ. ಅದು ಕಪ್ಪಾಗಿ ಸುಟ್ಟ ವಾಸನೆ ಬರತೊಡಗಿತೆಂದರೆ ತಟ್ಟೆಗಳ ಲೇಪ ಸವೆಯುತ್ತಿದೆಯೆಂದು ತಿಳಿಯಬೇಕು. ಎಣ್ಣೆ ಬದಲಿಸುವ ಖರ್ಚನ್ನು ಮುಂದೂಡಿದ ವಾಹನ ವಾರಗಟ್ಟಲೆ ಶೆಡ್ಡಿನಲ್ಲಿ ನಿಲ್ಲುತ್ತದೆ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಈಗ ಬಿ.ಇ.ಎಂ.ಎಲ್.ನ 150 ಹಾಗೂ 205 ಟನ್ನಿನ ಡಂಪರುಗಳು ವಿದ್ಯುತ್ ಮೋಟಾರಿನಿಂದ ಚಲಿಸುತ್ತವೆ. ಇಂತಹ ವಾಹನಗಳಲ್ಲಿ ಗೇರು ಬದಲಿಸುವ ಕ್ಲಚ್ಚುಗಳ ಸಾಲೇ ಬೇಕಿಲ್ಲ. ಆದರೂ ಮೋಟಾರಿನ ವೇಗವನ್ನು ತಗ್ಗಿಸಿ ಬಲ ಹೆಚ್ಚಿಸಲು ಹಿಂಗಾಲಿಗಳ ಒಳಗೆ ಸೂರ್ಯನೂ ಅವನ ಸುತ್ತಲಿನ ಗ್ರಹಗಳೂ ಉಳಿದೇ ಇವೆ.