ಸೋತ ಪಕ್ಷದ ಧರ್ಮ

ಗೆದ್ದ ಪಕ್ಷದ ಗುಣವು ಅಧಿಕಾರದಲ್ಲಿ ತಾನಾಗಿ ಹೊರಬೀಳುತ್ತದೆ. ಸೋತ ಪಕ್ಷದ ಗುಣವನ್ನು ಹುಡುಕಿಯೇ ಅರಿಯಬೇಕು. ಅಮೇರಿಕದ ಅಧ್ಯಕ್ಷಪದವಿಗೆ 1800ರಲ್ಲಿ ನಡೆದ ಚುನಾವಣೆಯಲ್ಲಿ ನ್ಯೂಯಾರ್ಕ್ ಸಂಸ್ಥಾನದ ವೃತ್ತಾಂತವು ಈ ದೃಷ್ಟಿಯಿಂದ ವಾಚಕರ ಮನನಕ್ಕೆ ಯೋಗ್ಯವೆಂದು ನಾವು ಭಾವಿಸುತ್ತೇವೆ.

ಆಗ ಆ ಸಂಸ್ಥಾನದ ಜನರು ಅಧ್ಯಕ್ಷನಿಗಾಗಿ ನೇರವಾಗಿ ಮತವೀಯುತ್ತಿರಲಿಲ್ಲ. ಅದರ ಪಾಲಿನ 12 ಮಂದಿ ನಿರ್ವಾಚಕರನ್ನು ಶಾಸನಸಭೆಯೇ ಆರಿಸುತ್ತಿತ್ತು. 1796ರಲ್ಲಿ ಆ ಹನ್ನೆರಡು ಮತಗಳೂ ಫೆಡರಲಿಸ್ಟ್ ಪಕ್ಷದ ಜಾನ್ ಆಡಮ್ಸರಿಗೆ ಸಂದು, ಅವರು 71 ಮತಗಳಿಂದ ಗೆದ್ದಿದ್ದರು. ಥಾಮಸ್ ಜೆಫರ್ಸನರಿಗೆ ಬಂದವು 68. ಆದಕಾರಣ 1800ರ ಏಪ್ರಿಲ್ ಕೊನೆಯಲ್ಲಿ ಆರಂಭವಾದ ಶಾಸನಸಭೆಯ ಚುನಾವಣೆಯ ಮೇಲೆ ಎಲ್ಲರ ಕಣ್ಣೂ ನೆಟ್ಟಿತು. ಜೆಫರ್ಸನರ ರಿಪಬ್ಲಿಕನ್ ಪಕ್ಷವು ಇಂದಿನ ಅದೇ ಹೆಸರಿನ ಪಕ್ಷವಲ್ಲ. ಅದರ ಪರವಾಗಿ ಆರನ್ ಬರ್ ಅವರು ಮಾಜಿ ಗವರ್ನರ್ ಜಾರ್ಜ್ ಕ್ಲಿಂಟನ್, ಸೇನಾನಿ ಹೊರೇಷಿಯೊ ಗೇಟ್ಸ್ ಮುಂತಾದ ಪ್ರತಿಷ್ಠಿತರನ್ನೇ ಉಮೇದುವಾರರನ್ನಾಗಿ ನಿಲ್ಲಿಸಿದರು. ನ್ಯೂಯಾರ್ಕ್ ನಗರದ 13 ಸ್ಥಾನಗಳೂ ಅವರ ಪಕ್ಷಕ್ಕೆ ದೊರೆತವು.

ಫೆಡರಲಿಸ್ಟರ ಮುಂದಾಳು ಅಲೆಕ್ಸಾಂಡರ್ ಹ್ಯಾಮಿಲ್ಟನ್ನರು ಮೇ 7ರಂದು ತಮ್ಮದೇ ಪಕ್ಷದ ಗವರ್ನರ್ ಜಾನ್ ಜೇ ಅವರಿಗೆ ಪತ್ರ ಬರೆದರು. ಅವಧಿ ಇನ್ನೂ ಮುಗಿಯದ ಹಳೆಯ ಸಭೆಯನ್ನು ಒಡನೆಯೇ ಕರೆದು, ನಿರ್ವಾಚಕರನ್ನು ಜಿಲ್ಲೆಜಿಲ್ಲೆಗಳಲ್ಲಿ ಜನರೇ ಆರಿಸುವಂತೆ ಕಾನೂನನ್ನು ಬದಲಿಸಬೇಕೆಂಬುದು ಅವರ ಒತ್ತಾಯ. ಸಲಹೆಯು ಮೇಲುನೋಟಕ್ಕೆ ಜನಪರವೇ ಸರಿ. ಆದರೆ ಚುನಾವಣೆಗೆ ಮುಂಚೆ ರಿಪಬ್ಲಿಕನರು ಇಂಥದೇ ಸಲಹೆಯನ್ನು ತಂದಾಗ ಅದನ್ನು ತಳ್ಳಿಹಾಕಿದವರು ಫೆಡರಲಿಸ್ಟರೇ!

ಜೇ ಅವರು ಸಭೆಯನ್ನು ಕರೆಯಲಿಲ್ಲ. ಇದು ಪಕ್ಷದ ಲಾಭಕ್ಕಾಗಿ ಹೂಡಿದ ಉಪಾಯ, ತಾನು ಕೈಗೊಳ್ಳುವುದು ತನಗೆ ತಕ್ಕುದಲ್ಲ ಎಂಬರ್ಥದ ಟಿಪ್ಪಣಿಯನ್ನು ಆ ಪತ್ರದ ಮೇಲೆಯೇ ಬರೆದಿಟ್ಟರು. ಅದರ ಬೆಲೆಯೇನು? ಹನ್ನೆರಡು ಮತಗಳೂ ರಿಪಬ್ಲಿಕನರಿಗೆ ಹೋದವು. ದೇಶದ ಒಟ್ಟು ಎಣಿಕೆಯಲ್ಲಿ ಜೆಫರ್ಸನರಿಗೂ ಬರ್ ಅವರಿಗೂ 73ರಂತೆ, ಆಡಮ್ಸರಿಗೆ 65. ನ್ಯೂಯಾರ್ಕಿನ ಐದೇ ಮತಗಳು ಈ ಕಡೆಗೆ ಬಂದಿದ್ದರೆ ಆಡಮ್ಸರು 70 ಪಡೆದು ಮುಂದಾಗುತ್ತಿದ್ದರು. ಸಮಬಲದ ತೊಡಕನ್ನು ಪ್ರತಿನಿಧಿಸಭೆಯು 1801ರ ಫೆಬ್ರವರಿ 17ರಂದು 36ನೆಯ ಸಲದ ಮತದಾನದಲ್ಲಿ ಬಿಡಿಸಿ, ಜೆಫರ್ಸನರನ್ನು ಆರಿಸಿತು.

ಚುನಾವಣೆಯ ಕಾನೂನು ಪ್ರಜೆಗಳ ಹೊಲಕ್ಕೆ ಹಾಕಿದ ಬೇಲಿ. ಅದನ್ನು ತಿದ್ದಲೇಬಾರದೆಂದು ನಾವು ಹೇಳುವುದಿಲ್ಲ. ಬಿತ್ತನೆಗೆ ಮುಂಚೆ, ಸರ್ವರೂ ನೋಡುತ್ತಿರುವಾಗ ತಿದ್ದತಕ್ಕದ್ದು. ಬೆಳೆ ಎದುರಾಳಿಯದೆಂದು ತಿಳಿದ ಮೇಲೆ ಬೇಲಿಯನ್ನು ಸರಿಸುವುದು ಸುಧಾರಣೆಯಲ್ಲ, ಬೇಲಿಯೇ ಎದ್ದು ಹೊಲ ಮೇಯುವುದು. ಅಧಿಕಾರ ಕೈಯಲ್ಲಿದ್ದೂ ಅದನ್ನು ಸರಿಸದ ಗವರ್ನರರನ್ನು ಸ್ವಪಕ್ಷೀಯರು ಅಂದು ಮೆಚ್ಚಿರಲಾರರು. ನಾವಾದರೂ ಮೆಚ್ಚೋಣ.