ಜಾಝ್ ಅಂದ್ರೇನು? ಸವಾಲ್-ಜವಾಬ್ ಕೇಳಿದವರಿಗೆ ಇದು ಹೊಸದೇನಲ್ಲ

ಹಾವೇರಿ: ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್‌ನಲ್ಲಿ ಬಾಗಿದ ಕೊಳವೆಯಂಥ ಹಿತ್ತಾಳೆ ವಾದ್ಯವನ್ನು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಮಂದಿ ನೋಡಿಯೇ ಇರ್ತಾರೆ. ಅದೇ ಸ್ಯಾಕ್ಸೋಫೋನ್. ಇಲ್ಲಿ ಅದು ಸಿನಿಮಾ ಹಾಡು ನುಡಿಸುತ್ತೆ. ಬೆಂಗಳೂರು, ಮುಂಬೈನ ಸಂಜೆ ಕಚೇರಿಗಳಲ್ಲಿ ಅದೇ ವಾದ್ಯ ಜಾಝ್ ನುಡಿಸುತ್ತೆ. ಜನ ಟಿಕೆಟ್ ತಗೊಂಡು ಕುಂತು ಕೇಳುವಂಥದ್ದು ಅದರಲ್ಲೇನಿದೆ? ಇಲ್ಲಿದೆ ಮಾಹಿತಿ.

ಮೆರವಣಿಗೆಯಿಂದಲೇ ಬಂದದ್ದು

ಸ್ಯಾಕ್ಸೋಫೋನ್ ರೂಪಿಸಿದವರು ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್. 1846ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಪಡೆದರು. ಜಾಝ್ ಬೆಳೆದದ್ದು 20ನೇ ಶತಮಾನದ ಆರಂಭದಲ್ಲಿ, ಅಮೆರಿಕದ ನ್ಯೂ ಆರ್ಲಿಯನ್ಸ್ ಪಟ್ಟಣದ ಕಪ್ಪು ಜನರ ನಡುವೆ. ಅಲ್ಲೂ ಬ್ಯಾಂಡ್‌ನವರು ಮೆರವಣಿಗೆ, ಶವಯಾತ್ರೆಗಳಲ್ಲಿ ನುಡಿಸುತ್ತಿದ್ದರು.

ಕಚೇರಿ ಹೇಗೆ ನಡೆಯುತ್ತೆ?

ಸಾಮಾನ್ಯವಾಗಿ ಮೊದಲು ಎಲ್ಲರೂ ಸೇರಿ ಒಂದು ಧಾಟಿ ನುಡಿಸ್ತಾರೆ. ಆಮೇಲೆ ಒಬ್ಬೊಬ್ಬರ ಸರದಿ. ಧಾಟಿಯ ಅಳತೆ ನಮ್ಮ ತಾಳದ ಆವರ್ತನದ ಹಾಗೆ ಸುತ್ತುತ್ತಲೇ ಇರುತ್ತೆ. ಅದರೊಳಗೆ ಏನು ನುಡಿಸಬೇಕು ಅನ್ನೋದನ್ನು ವಾದಕರು ವೇದಿಕೆ ಮೇಲೆ ಆಗಿಂದಾಗ್ಗೆ ಕಟ್ಟುತ್ತಾರೆ. ಸ್ಯಾಕ್ಸೋಫೋನ್‌ನವರು ಒಂದು ತುಣುಕು ನುಡಿಸಿದರೆ ಡ್ರಮ್ಸ್‌ನವರು ಅಷ್ಟೇ ಅಳತೆಯ ಉತ್ತರ ಕೊಡ್ತಾರೆ. ಕೊನೆಗೆ ಎಲ್ಲರೂ ಮೂಲ ಧಾಟಿಗೆ ವಾಪಸ್. ಒಬ್ಬರ ಸರದಿ ಮುಗಿದ ಕೂಡಲೇ, ಹಾಡಿನ ನಡುವೆಯೇ ಚಪ್ಪಾಳೆ ತಟ್ಟೋದು ರೂಢಿ. ಈಗಿನ ಕೆಲವರು ಮೊದಲೇ ಗೊತ್ತುಮಾಡಿದ ಧಾಟಿಯೂ ಇಲ್ಲದೆ ನುಡಿಸುವುದುಂಟು.

ನಮ್ಮ ಜಿಲ್ಲೆಗೆ ಇದು ಪರಿಚಿತ

ಸ್ಥಳದಲ್ಲೇ ಕಟ್ಟಿ ಹಾಡುವುದು ಹಾವೇರಿ ಜಿಲ್ಲೆಗೆ ಹೊಸದಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇಬ್ಬರೂ ಹಾನಗಲ್ ತಾಲ್ಲೂಕಿನಲ್ಲಿ ಹುಟ್ಟಿದವರು. ಅವರ ಶಿಷ್ಯರು ಒಂದೇ ರಾಗವನ್ನು ಇವತ್ತು ಹಾಡಿದಂತೆ ನಾಳೆ ಹಾಡಲ್ಲ. ರಾಗದ ಚೌಕಟ್ಟು ಮಾತ್ರ ಅದೇ. ಜಾಝ್‌ನಲ್ಲೂ ಅಷ್ಟೇ.

ಎರಡನ್ನೂ ಬೆಸೆದವರು ನಮ್ಮ ರಾಜ್ಯದಲ್ಲೇ ಇದ್ದರು. ಬಂಟ್ವಾಳ ತಾಲ್ಲೂಕಿನ ನಾಗಸ್ವರ ವಾದಕರ ಮಗ ಕದ್ರಿ ಗೋಪಾಲನಾಥ್, ಮೈಸೂರು ಅರಮನೆ ಬ್ಯಾಂಡ್‌ನಲ್ಲಿ ಸ್ಯಾಕ್ಸೋಫೋನ್ ನೋಡಿ ಮನಸೋತರು. ಅದರಲ್ಲಿ ಕರ್ನಾಟಕ ಸಂಗೀತ ನುಡಿಸಿದರು. 1980ರಲ್ಲಿ ಮುಂಬೈನಲ್ಲಿ ಅಮೆರಿಕದ ಜಾಝ್ ವಾದಕ ಜಾನ್ ಹ್ಯಾಂಡಿ ಜತೆ ವೇದಿಕೆ ಏರಿದರು. 2008ರಲ್ಲಿ ರುದ್ರೇಶ್ ಮಹಾಂತಪ್ಪ ಜತೆ 'ಕಿನ್ಸ್‌ಮೆನ್' ಆಲ್ಬಂ ಬಂತು. ಹೆಸರು ನಮ್ಮ ಕಡೆಯದೇ ಅನ್ನಿಸುವ ಈ ರುದ್ರೇಶ್ ಅಮೆರಿಕದಲ್ಲಿ ಬೆಳೆದ ಜಾಝ್ ಕಲಾವಿದ. ಬೆಂಗಳೂರಿನ ಟಿ.ಎ.ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡವೂ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಜತೆ 1983ರಲ್ಲಿ 'ಜ್ಯೋತಿ' ಆಲ್ಬಂ ತಂದಿತ್ತು.

ಕೇಳೋರು ಇದ್ದರೆ ಮಾತ್ರ

ಡಿಜೆ ಬಾಕ್ಸ್‌ಗೆ ಎದುರಿಗೆ ಹತ್ತು ಮಂದಿ ಇದ್ದರೂ ಒಂದೇ, ಸಾವಿರ ಮಂದಿ ಇದ್ದರೂ ಒಂದೇ. ವಾದಕರು ಹಾಗಲ್ಲ, ಕೇಳುವವರ ಮುಖ ನೋಡಿ ಒಂದು ಸಾಲನ್ನು ಎಳೆದು ಬೆಳೆಸ್ತಾರೆ. ಕೇಳೋರೇ ಇಲ್ಲ ಅಂದ್ರೆ ಹಾಡು ಮುಗಿಸಿ ಮುಂದೆ ನಡೀತಾರೆ. ಹಾಗಾದಾಗ ಬ್ಯಾಂಡ್‌ನವರ ಬಾಡಿಗೆ ಜತೆಗೆ ಕೈಯಲ್ಲಿರೋ ವಿದ್ಯೆಯೂ ಹೋಗುತ್ತೆ.

ಮದುವೆಗೆ ಬ್ಯಾಂಡ್ ಸೆಟ್ ಗೊತ್ತು ಮಾಡುವಾಗ, ಊಟದ ಹೊತ್ತಿಗೆ ಅರ್ಧ ತಾಸು ಕುಂತು ತಮ್ಮಿಷ್ಟದ ಒಂದು ರಾಗ ನುಡಿಸ್ರಿ ಅಂತ ಕೇಳಿ ನೋಡಬಹುದು.